ಪೆಟ್ಟಿಗೆಗೆ ಇಲ್ಲದ ಪರೀಕ್ಷೆ

“ನಿಮ್ಮ ಕೋವಿಡ್ ಪರೀಕ್ಷೆಯ ಗಡುವು ಮುಗಿದಿದೆ ಅಮ್ಮ, ಮುಂದಿನ ವಿಮಾನ ಹತ್ತೋಕಾಗಲ್ಲ,” ಎಂದು ವಿಮಾನ ಬದಲಿಸಬೇಕಿದ್ದ ಪರದೇಶದ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಪರೀಕ್ಷೆಯ ಚೀಟಿಯನ್ನು ಹಿಂದಕ್ಕೆ ತಳ್ಳಿದಳು. ದರ್ಜಿಯಮ್ಮನ ಮೈ ಉರಿದುಹೋಯಿತು.

“ಹೊರಟಾಗ ಸರಿಯಿತ್ತಲ್ಲ? ನಿಮ್ಮ ವಿಮಾನ ತಡವಾಗಿದ್ದಕ್ಕೆ ತಾನೇ ಮುಗಿದಿದ್ದು? ಅಲ್ಲಿ ನಮ್ಮಕ್ಕ ಜೀವ ಬಿಗಿಹಿಡಿದು ನನಗಾಗಿ ಕಾಯ್ತಿದ್ದಾಳೆ. ಅವಳಿಗೂ ಗಡುವು ಹೇಳಿಬಿಡ್ಲಾ?”

“ಹೊರಗೆ ಹೋಗಿ ಮತ್ತೆ ಮಾಡಿಸ್ಬೇಕು. ಆದರೆ ಈ ದೇಶದ ವೀಸಾ ಇಲ್ಲದೆ ಹೊರಗೆ ಬಿಡಲ್ಲ.”

“ನನ್ನ ಪೆಟ್ಟಿಗೆ?”

“ಅದು ಆಗಲೇ ವಿಮಾನ ಹತ್ತಿದೆ.”

ಪೆಟ್ಟಿಗೆಯಲ್ಲಿ, ಹಾಸಿಗೆ ಹಿಡಿದ ಅಕ್ಕನಿಗೆ ನೋವಾಗದಂತೆ ತೊಡಿಸಲೆಂದು ಬೆನ್ನ ಕಡೆ ತೆರೆಯುವ ಹಾಗೆ ಹೊಲಿದ ಮೆತ್ತನೆಯ ಅಂಗಿಯಿತ್ತು. ಅಂಗಿ ಹೋಗಬಹುದು, ಹೊಲಿದವಳು ಹೋಗಕೂಡದು. ದರ್ಜಿಯಮ್ಮ ಸಾಮಾನು ತೂಗುವ ತಟ್ಟೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತು, ಮಣಿಕಟ್ಟನ್ನು ಮುಂದೆ ಚಾಚಿದಳು.

“ಪೆಟ್ಟಿಗೆಗೆ ಕಟ್ಟೋ ಹಾಗೆ ನನಗೂ ಒಂದು ಪಟ್ಟಿ ಕಟ್ಟು ತಾಯಿ. ಪೆಟ್ಟಿಗೆ ಲೆಕ್ಕದಲ್ಲೇ ಹೋಗ್ತೀನಿ.”