ಬಿಸಿಗಾಳಿ

"ಇದನ್ನೂ ತೆಗೆದುಬಿಡ್ಲಾ ಸಾರ್?" ಎಂದು ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ. ಆಮೆಯಂತೆ ತೆವಳುತ್ತಿದ್ದ ಹಳೇ ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕಿಯಾಗಿತ್ತು. ಹಿಂಬದಿಯ ಫ್ಯಾನಿಗೆ ಮಾತ್ರ, ಧೂಳಿನ ಜೊತೆ, ಮೊಳದುದ್ದದ ಕೂದಲೊಂದು ಸುತ್ತಿಕೊಂಡಿತ್ತು.

ಅಕ್ಕನದು. ತಲೆಗೆ ನೀರು ಹಾಕಿಕೊಂಡ ದಿನವೆಲ್ಲ ಅವಳು ಮೇಜಿನ ಹಿಂದೆ ಸ್ಟೂಲ್ ಎಳೆದುಕೊಂಡು, ಕಂಪ್ಯೂಟರಿಗೆ ಬೆನ್ನು ಮಾಡಿ ಕೂರುತ್ತಿದ್ದಳು. "ಬಿಟ್ಟಿ ಬಿಸಿಗಾಳಿ ಕಣೋ, ಯಾಕೆ ಬಿಡ್ಬೇಕು?" ಅನ್ನುತ್ತಿದ್ದಳು. "ಕೂದಲು ಒಳಗೆ ಸಿಕ್ಕಿಹಾಕ್ಕೊಳ್ಳುತ್ತೆ, ಏಳಕ್ಕ" ಎಂದು ತಮ್ಮ ರೇಗಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಬಟ್ಟೆಬರೆ, ಬಾಚಣಿಗೆ ಎಲ್ಲವನ್ನೂ ಸಾಗಹಾಕಿ, ಮನೆಯಲ್ಲಿ ಅವಳದೇನೂ ಉಳಿದಿಲ್ಲ ಅಂದುಕೊಂಡಿದ್ದ.

"ಅದೊಂದು ಹಾಗೇ ಇರ್ಲಿ."

"ಕರಕರ ಅಂತ ಸದ್ದು ಮಾಡುತ್ತೆ ಸಾರ್."

"ಮಾಡ್ಲಿ ಬಿಡಿ."

ಮೆಕ್ಯಾನಿಕ್ ಹೋದ ಮೇಲೆ ಸ್ವಿಚ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು. ಅವನು ಅತ್ತ ನೋಡಲೂ ಇಲ್ಲ. ಮೇಜಿನ ಹಿಂದಕ್ಕೆ ಸ್ಟೂಲ್ ಎಳೆದುಕೊಂಡು, ಕರಕರ ಅನ್ನುತ್ತಿದ್ದ ಫ್ಯಾನಿಗೆ ಬೆನ್ನು ಮಾಡಿ ಕೂತು, ಒಣಗಿಸಲು ಒಂದೆಳೆ ಕೂದಲೂ ಇಲ್ಲದ ತನ್ನ ಬೋಳು ತಲೆಯನ್ನು ಬಿಸಿಗಾಳಿಗೆ ಒಡ್ಡಿದ.