ಬೆಂಚು ದಾಟಿ ಬಂದ ಮೇಷ್ಟ್ರು

ಇದನ್ನು ಅವಸರದಲ್ಲಿ ಓದಬೇಡಿ... ಒಂದು ಲೋಟ ಟೀ ಮುಗಿಸುವಷ್ಟು ಬಿಡುವಿದ್ದಾಗ ಓದಿ.

ಮಂಡ್ಯದ ಕಡೆಯ ಒಂದು ಸಣ್ಣ ಕಾಲೇಜು. ಬಿರುಕು ಬಿಟ್ಟ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟು.

ಅಲ್ಲಿನ ಪಿ.ಟಿ. ಮೇಷ್ಟ್ರು ಪುಟ್ಟಮಾದಯ್ಯ. ಹುಡುಗರು ಪ್ರಾಕ್ಟೀಸ್ ಮಾಡುವಾಗ ಅವರು ಕೋರ್ಟಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನೋಡುತ್ತಿರಲಿಲ್ಲ... ಕಾಲಿನ ಸದ್ದು ಕೇಳುತ್ತಿದ್ದರು.

"ನಮ್ಮಪ್ಪ ಜಗಲೀಲಿ ಕೂತು ಕಾವ್ಯ ಓದೋರು ಕಣ್ರಲಾ. ಒಂದು ಮಾತ್ರೆ ಜಾರುದ್ರೂ ಒಳಗೆ ಹಿಟ್ಟು ತಿರುವ್ತಿದ್ದ ನಮ್ಮವ್ವಂಗೆ ಗೊತ್ತಾಗೋದು. ಅವ್ವಂಗೆ ಅಕ್ಷರ ಬರ್ತಿರ್ಲಿಲ್ಲ... ಕಿವಿ ಇತ್ತು," ಎನ್ನುತ್ತಿದ್ದರು.

ಬೆನ್ನು ತಿರುಗಿಸಿಕೊಂಡೇ ಹೇಳುವರು... "ಲೇ, ಎಡಗಾಲು ತಡವಾಗಿ ಬೀಳ್ತಾ ಅದೆ. ಶೂ ಲೇಸ್ ಬಿಗಿ ಮಾಡ್ಕೊ."

ನೋಡಿದರೆ ಲೇಸ್ ಸಡಿಲವಾಗಿಯೇ ಇರುತ್ತಿತ್ತು!

ಅವರ ಕೈಯಲ್ಲಿ ಬೆಳೆದವನು ಲಿಖಿತ್. ಮೂರು ವರ್ಷ ತಂಡದ ಬೆನ್ನೆಲುಬು. ಬಿ.ಕಾಂ. ಮುಗಿಯಿತು. ಅದೇ ಕಾಲೇಜಿನಲ್ಲಿ ಎಂ.ಕಾಂ. ಕೂಡ ಇತ್ತು.

ಆದರೆ ಸಿಟಿಯ ದೊಡ್ಡ ಕಾಲೇಜು ಕರೆಯಿತು. ಮರದ ನೆಲದ ಕೋರ್ಟು, ಹಾಸ್ಟೆಲ್ ಸೀಟು, ಯೂನಿವರ್ಸಿಟಿ ತಂಡಕ್ಕೆ ಹತ್ತಿರದ ದಾರಿ... ಆ ತಂಡಕ್ಕೆ ಸೇರಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ.

"ಏನ್ ಗುರೂ, ಎಮ್ಮೆಲ್ಲೆ ಥರ ಪಾರ್ಟಿ ಬದಲಾಯ್ಸ್‌ಬುಟ್ಟೆ! ರೆಸಾರ್ಟಿಗೆ ಯಾವಾಗ ಹೊರಡೋದು?" ಎಂದು ಜೊತೆಯ ಹುಡುಗರು ಕಾಲೆಳೆದರು. ನಗುವಿನ ಕೆಳಗೆ ಸಿಟ್ಟಿತ್ತು.

ಲಿಖಿತ್ ಮೇಷ್ಟ್ರ ಹತ್ತಿರ ಹೋಗಿ ಹೇಳಿದ. ಅವರು ಈ ಕಡೆ ತಿರುಗಲೇ ಇಲ್ಲ.

"ಸರಿ ಕಣ್ಲಾ. ಹೋಗು."

ಅಷ್ಟೇ... ಮೂರು ವರ್ಷಕ್ಕೆ ಮೂರು ಪದ.

ಲಿಖಿತ್ ಅದನ್ನು ಕೋಪ ಎಂದುಕೊಂಡ.

ಎಂಟು ತಿಂಗಳು ಕಳೆಯಿತು. ಅಂತರ ಕಾಲೇಜು ಫೈನಲ್. ಎದುರಾಳಿ... ಅವನದೇ ಹಳೆಯ ಕಾಲೇಜು.

ಎರಡು ವಾರದ ಹಿಂದೆ ಲಿಖಿತ್‌ನ ಎಡ ಮಂಡಿಯಲ್ಲಿ ಏನೋ ಚಟ್ ಎಂದಿತ್ತು. ಯಾರಿಗೂ ಹೇಳಲಿಲ್ಲ. ಫೈನಲ್ ನೋಡಲು ಯೂನಿವರ್ಸಿಟಿ ಸೆಲೆಕ್ಟರ್‌ಗಳು ಬರುತ್ತಾರೆ... ಆಡದಿದ್ದರೆ ಕೆಲಸವೂ ಇಲ್ಲ. ನೋವಿನ ಮಾತ್ರೆ ನುಂಗಿ, ಮಂಡಿಗೆ ಪಟ್ಟಿ ಬಿಗಿದು ಇಳಿದ.

ಕೊನೆಯ ಕ್ವಾರ್ಟರ್. ಮೂರು ನಿಮಿಷ ಬಾಕಿ. ಐವತ್ತೆಂಟು... ಐವತ್ತೆಂಟು. ಸಮ.

ಟೈಮ್‌ಔಟ್ ಆಯಿತು. ಆಗ ಇಡೀ ಸ್ಟೇಡಿಯಂ ನೋಡುತ್ತಿದ್ದಂತೆ ಪುಟ್ಟಮಾದಯ್ಯ ತಮ್ಮ ಬೆಂಚು ಬಿಟ್ಟು, ಕೋರ್ಟು ದಾಟಿ, ಎದುರಾಳಿ ಬೆಂಚಿಗೆ ಬಂದರು. ಅದು ನಿಯಮಕ್ಕೆ ವಿರುದ್ಧ.

"ಆ ಹುಡುಗನ್ನ ಕೂರಿಸಿ ಸಾರ್," ಎಂದರು ಲಿಖಿತ್‌ನ ಹೊಸ ಕೋಚ್‌ಗೆ. "ಅವನ ಎಡಗಾಲು ನೆಲ ಹಿಡೀತಾ ಇಲ್ಲ. ಮಂಡಿ ಹೋಗುತ್ತೆ."

ಕೋಚ್ ನಕ್ಕುಬಿಟ್ಟರು. "ಏನ್ ಸರ್, ಗೆಲ್ಲೋಕೆ ಇದೊಂದು ಬಾಕಿ ಇತ್ತಾ? ನಮ್ಮ ಬೆಸ್ಟ್ ಪ್ಲೇಯರ್‌ನ ನಾನೇ ಕೂರಿಸ್ಬೇಕಾ?" ಆಮೇಲೆ ಲಿಖಿತ್ ಕಡೆ ತಿರುಗಿ, "ನೋವಿದೆಯೇನೋ?"

ಲಿಖಿತ್ ಸೆಲೆಕ್ಟರ್‌ಗಳು ಕೂತಿದ್ದ ಕಡೆ ಒಮ್ಮೆ ನೋಡಿದ.

"ಇಲ್ಲ ಸರ್. ನಾನು ಬಿಟ್ಟು ಬಂದೆ ಅಂತ ಅವರಿಗೆ ಹೊಟ್ಟೆಕಿಚ್ಚು."

ಮೇಷ್ಟ್ರು ಅಲ್ಲೇ ನಿಂತಿದ್ದರು. ಕೇಳಿಸಿಕೊಂಡರು.

ರೆಫರಿ ಸೀಟಿ ಊದಿದರು. ಬೆಂಚು ದಾಟಿದ್ದಕ್ಕೆ ಟೆಕ್ನಿಕಲ್ ಫೌಲ್. ಅದರಿಂದ ಲಿಖಿತ್‌ನ ತಂಡಕ್ಕೆ ಸಿಕ್ಕ ಫ್ರೀ ಥ್ರೋ ಎಸೆದವನು ಅವನೇ... ಚೆಂಡು ಒಳಗೆ ಬಿತ್ತು. ಒಂದು ಪಾಯಿಂಟ್.

"ಅಯ್ಯೋ ಸಾರ್, ಏನ್ ಮಾಡ್ಬುಟ್ರಿ!" ಎಂದು ಮೇಷ್ಟ್ರ ಹುಡುಗರೇ ತಲೆ ಚಚ್ಚಿಕೊಂಡರು.

ಮತ್ತೆ ಒಂದು ನಿಮಿಷಕ್ಕೆ ಲಿಖಿತ್ ಚೆಂಡಿಗೆ ಹಾರಿದ. ಇಳಿದ... ಏಳಲಿಲ್ಲ. ಅವನ ಕಿರುಚಾಟ ಗ್ಯಾಲರಿಯ ಕೊನೆಯವರೆಗೂ ಕೇಳಿಸಿತು.

ಅವನ ಹೊಸ ತಂಡ ಗೆದ್ದಿತು. ಒಂದೇ ಪಾಯಿಂಟಿನಿಂದ.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದರು... "ಮಂಡಿಯ ಲಿಗಮೆಂಟ್ ಮೊದಲೇ ಅರ್ಧ ಹರಿದಿತ್ತು. ಈಗ ಪೂರ್ತಿ ಹೋಗಿದೆ, ಜೊತೆಗೆ ಮೂಳೆಗೂ ಪೆಟ್ಟು. ನಡೆದಾಡ್ತೀರಿ. ಆಟ ಮರೆತುಬಿಡಿ."

ಕಪ್ ಹಿಡಿದ ಫೋಟೋ ತಂಡದ ಗ್ರೂಪಿಗೆ ಬಂತು. ತಂಡದವರು ಒಂದು ಸಲ ಬಂದು ಹೋದರು. ಆಮೇಲೆ ಬರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಪುಟ್ಟಮಾದಯ್ಯ ಬಂದರು.

ಲಿಖಿತ್ ಗೋಡೆಯ ಕಡೆ ಮುಖ ಮಾಡಿ ಅತ್ತ. "ಸರ್... ಅಷ್ಟು ಜನರ ಮುಂದೆ ನಿಮಗೆ ಅಂಥ ಮಾತು... ನನ್ನನ್ನ ಕ್ಷಮಿಸಿ."

"ಸುಮ್ನಿರ್ಲಾ," ಎಂದರು. ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು. ಆಮೇಲೆ ನಿಧಾನವಾಗಿ...

"ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ ಕಣ್ಲಾ ಮಗ. ನಿನ್ನ ಕಾಲು ಸರಿಯಿಲ್ಲ ಅಂತ ನಂಗೆ ಮೊದಲ್ನೇ ಕ್ವಾರ್ಟರಲ್ಲೇ ಗೊತ್ತಾಗಿತ್ತು."

ಲಿಖಿತ್ ತಿರುಗಿ ನೋಡಿದ.

"ಸುಮ್ನಿದ್ದೆ. ಬಿಟ್ಟು ಹೋದ್ನಲ್ಲ ಅನ್ನೋ ಸಂಕಟ ಒಳಗಿತ್ತು. ಸುಸ್ತಾಗ್ಲಿ ಬುಡು, ನಮ್ಮ ಹೈಕ್ಳು ಗೆದ್ಕೊಳ್ಳಲಿ ಅಂದ್ಕೊಂಡೆ. ಎದ್ದು ಬರೋ ಹೊತ್ಗೆ... ಹೊತ್ತು ಮೀರ್ಬುಟ್ಟಿತ್ತು. ನಾಕು ದಿನದಿಂದ ದೇವರ ಮುಂದೆ ನಿಂತ್ರೆ ಕೈ ಮುಗಿಯಕ್ಕಾಗ್ತಿಲ್ಲ ಕಣಪ್ಪ."

"ಮೊದಲೇ ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ ಸರ್..."

"ಕೇಳೋದು ಬಿಡೋದು ನಿಂದು. ಹೇಳ್ಬೇಕಾಗಿದ್ದು ನಂದು."

ಹಾಗೆಂದು ಆ ಹಿರಿಯರು ಬಗ್ಗಿ, ಬ್ಯಾಂಡೇಜು ಸುತ್ತಿದ್ದ ಅವನ ಕಾಲಿನ ಪಾದವನ್ನು ಮುಟ್ಟಿದರು.

ಲಿಖಿತ್ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ...

ಕಾಲು ಅಲುಗಲಿಲ್ಲ.

*ನಮ್ಮವರೆಂದುಕೊಂಡ ಮೇಲೆ ಅವರು ಎಲ್ಲಿಗೇ ಹೋಗಲಿ, ಎಚ್ಚರಿಕೆಯ ಮಾತನ್ನು ಮುನಿಸಿಗೆ ಒತ್ತೆಯಿಡಬಾರದು.*

ಇವತ್ತು ನೀವು ಯಾರ ನೋವು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದೀರಿ...?