ಹಗ್ಗ ಕಟ್ಟಿದ್ದು ಯಾರು?

"ಹದಿನಾಲ್ಕು ವರ್ಷ ಸರ್ಕಸ್ಸಿನಲ್ಲಾ? ಅಲ್ಲೇನು ಕೋತಿ ಕುಣಿಸ್ತಿದ್ರಾ, ಸೆನ್ಯೋರಿತಾ?"

ಮೇಜಿನ ಆಚೆ ಕೂತಿದ್ದ ಸೆರಾಪಿಯೋ ಅವಳ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದ, ಕೊಳೆತ ಮೀನು ಹಿಡಿದವನಂತೆ.

"ಹಗ್ಗ ಕಟ್ತಿದ್ದೆ. ಆಮೇಲೆ, ಸೆನ್ಯೋರಿತಾ ಅಲ್ಲ. ಇಂಜಿನಿಯರ್," ಎಂದಳು ನೆಲಿದಾ.

ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಿರುಗಲಿಲ್ಲ. ದೀಪ ನೇರ ಕಣ್ಣಿಗೇ ಹೊಡೆಯುತ್ತಿತ್ತು.

ಮಂಗಳವಾರ ಬಂದರಿನ ಕ್ರೇನ್ ಕಂಪನಿಯಲ್ಲಿ ಮುಖ್ಯ ಇಂಜಿನಿಯರ್ ಬಾಲರೇಸೋ ಕೇಳಿದ್ದೂ ಇವೇ ಪ್ರಶ್ನೆಗಳು. ಆಗ ಅವಳು ತೊದಲಿದ್ದಳು. ಪದವಿ ಕೈಗೆ ಬಂದ ವರ್ಷವೇ ಅಪ್ಪ ತೀರಿಕೊಂಡ, ಅವನು ಕಟ್ಟುತ್ತಿದ್ದ ಹಗ್ಗಗಳನ್ನು ನಾನೇ ಕಟ್ಟಬೇಕಾಯಿತು ಎಂದು ಹೇಳಹೊರಟು ನಡುವೆಯೇ ನಿಂತಿದ್ದಳು. ಬಾಲರೇಸೋ ಗಡಿಯಾರ ನೋಡಿದ್ದ. ಎದ್ದು ಬರುವಾಗ ಅವನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು ಬಂದಿದ್ದಳು, ಅಷ್ಟೇ. ಹಿರಿಯ ಇಂಜಿನಿಯರ್ ಹುದ್ದೆ ಇನ್ನೂ ಖಾಲಿಯಿತ್ತು. ಆಗಸ್ಟಿನಲ್ಲಿ ಸರ್ಕಸ್ಸಿನ ಋತು ಮುಗಿದರೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಇವತ್ತು ತೊದಲುವಂತಿರಲಿಲ್ಲ.

ಕಯಾವೋ ಬಂದರಿನಲ್ಲಿ ಜುಲೈ ಎಂದರೆ ನಡುಚಳಿಗಾಲ, ಮೂಳೆ ಕೊರೆಯುವ ಮಂಜು. ಸೆರಾಪಿಯೋನ ಮೂಗು ಕೆಂಪಗಿತ್ತು. ಅದನ್ನವನು ತನ್ನ ಉದ್ದನೆಯ ಟೈಯಿಂದ ಒರೆಸಿಕೊಂಡ.

"ನಮ್ಮಲ್ಲಿ ನಲವತ್ತು ಟನ್ ಎತ್ಬೇಕು ತಾಯಿ. ನೀವೆಷ್ಟು ಎತ್ತಿದ್ದೀರಿ?"

"ಐವತ್ತೆರಡು ಕಿಲೋ. ನನ್ನ ತಂಗಿ. ದಿನಕ್ಕೆ ಮೂರು ಸಲ, ಕೆಳಗೆ ಬಲೆ ಇಲ್ದೆ. ನಿಮ್ಮ ಪೆಟ್ಟಿಗೆ ಬಿದ್ರೆ ಇನ್ನೊಂದು ತರಿಸ್ಕೋತೀರಿ. ನಾನೇನು ತರಿಸ್ಲಿ?"

ಹಿಂದಿನ ಕಿಸಿಕಿಸಿ ನಿಂತಿತು.

"ಹಿರಿಯ ಹುದ್ದೆ ಅಂದ್ರೆ ದೊಡ್ಡೋರ ಕೈಕೆಳಗೆ ಪಳಗಿರ್ಬೇಕು. ನಿಮ್ಮ ಮೇಲಧಿಕಾರಿ ಯಾರು?"

"ಭೂಮಿ. ಎಲ್ಲಾನೂ ಕೆಳಗೆ ಎಳೀತಾಳಲ್ಲ, ಆ ಯಮ್ಮ. ಒಂದಿನಾನೂ ರಜೆ ಹಾಕ್ಲಿಲ್ಲ, ಒಂದು ತಪ್ಪನ್ನೂ ಬಿಡೋಳಲ್ಲ."

ಈ ಸಲ ನಗು ಜೋರಾಗಿಯೇ ಬಂತು. ಸೆರಾಪಿಯೋ ಮೇಜು ಗುದ್ದಿದ.

"ಸಾಕು! ಆಯ್ತು, ಕರೀತೀವಿ, ಹೋಗಿ."

"ಹನ್ನೊಂದು ಕಂಪನಿ ಇದನ್ನೇ ಹೇಳಿದ್ವು. ಹೋಗಲ್ಲ. ಕೊನೇ ಪ್ರಶ್ನೆ ನಂದು."

"ನಿಮ್ದಾ? ಕೇಳಿ, ಅದೊಂದು ಬಾಕಿ ಇತ್ತು!"

"ನಿಮ್ಮ ಕುರ್ಚಿಗೆ ಹಗ್ಗ ಕಟ್ಟಿದ್ದು ಯಾರು ಗೊತ್ತಾ?"

"ಹಗ್ಗಾನಾ? ಯಾವ ಹಗ್ಗ?"

ನೆಲಿದಾ ಒಂದು ಗಂಟು ಎಳೆದಳು. ಕುರ್ಚಿ ಮೇಲೆದ್ದಿತು, ಅದರೊಂದಿಗೆ ಮೇಜು, ಮೊಳದುದ್ದದ ಬೂಟು, ಕೆಂಪು ಚೆಂಡಿನ ಮೂಗು ಸಮೇತ ಜೋಕರ್ ಸೆರಾಪಿಯೋ ಒಂದಿಷ್ಟೂ ಅಲುಗದೆ ಡೇರೆಯ ನೆತ್ತಿಗೆ ಏರಿದ, ಎಂಟುನೂರು ಜನ ಎದ್ದು ನಿಂತು ಕೇಕೆ ಹಾಕಿದರು. ಲಕೋಟೆಯಲ್ಲಿ ಬಂದ ಟಿಕೆಟ್ಟುಗಳಲ್ಲಿ ಮಗಳನ್ನು ಕರೆದುಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತಿದ್ದ ಮುಖ್ಯ ಇಂಜಿನಿಯರ್ ಬಾಲರೇಸೋ ಮಾತ್ರ ಏಳಲಿಲ್ಲ, ನಗಲಿಲ್ಲ. ಪಾಪ್‌ಕಾರ್ನ್ ಪೊಟ್ಟಣ ಕೆಳಗಿಟ್ಟು, ಕತ್ತೆತ್ತಿ, ಬೆರಳು ಮಡಚುತ್ತ ಹಗ್ಗ ಹಾದುಹೋದ ರಾಟೆಗಳನ್ನು ಎಣಿಸತೊಡಗಿದ.